ಉಪ್ಪುನೀರಿನ ಈಜುಕೊಳ: ನೀರಿನ ಪರೀಕ್ಷೆ ಕುರಿತು ಸೂಚನೆ

ಸದಸ್ಯರ ಗಮನಕ್ಕೆ,

ಹೊಸ ಈಜುಕೊಳದ ಸಿಮೆಂಟ್ ಗಿಲಾವಿನಿಂದ ಸುಣ್ಣದ ಅಂಶ ಇನ್ನೂ ನೀರಿಗೆ ಬಿಡುತ್ತಿರುವುದರಿಂದ ಪಿಎಚ್ ಮಟ್ಟ (ನೀರಿನ ಆಮ್ಲ-ಕ್ಷಾರದ ಅಳತೆ) ಪದೇ ಪದೇ ಏರುತ್ತಿದ್ದು, ನಿನ್ನೆ ಸಂಜೆ ಪರೀಕ್ಷಾ ಕಿಟ್‌ನ ನಳಿಕೆಗೆ ಪಿಎಚ್ ಮಟ್ಟವನ್ನು ಬಣ್ಣದಿಂದ ತೋರಿಸುವ ಫಿನಾಲ್ ರೆಡ್ ಹನಿಗಳನ್ನು ಹಾಕಿದೊಡನೆ ನೀರು ಕಡುಗುಲಾಬಿಗೆ ತಿರುಗಿತು. ಪಿಎಚ್ 7.2ರಿಂದ 7.6ರೊಳಗೆ ಇಳಿಯದಿದ್ದರೆ ಕ್ಲೋರಿನ್ ಇದ್ದೂ ಇಲ್ಲದಂತೆಯೇ ಆದ್ದರಿಂದ, ಪಂಪ್ ಓಡುತ್ತಿರುವಾಗ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಲಾಗುತ್ತಿದೆ.

ಗಿಲಾವಿಗೆ ಒಂದು ತಿಂಗಳು ತುಂಬಿದ ನಂತರವೇ, ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ, ನಮ್ಮ 1 ಲಕ್ಷ ಲೀಟರ್ ನೀರಿಗೆ 300 ಕಿಲೋ ಉಪ್ಪು ಹಾಕಲಾಗುವುದು. (ಸಮುದ್ರದ ನೀರಿನಲ್ಲಿ ಇದರ ಹತ್ತು ಪಟ್ಟಿಗೂ ಹೆಚ್ಚು ಉಪ್ಪಿರುತ್ತದೆ, ಕಣ್ಣುರಿಯ ಭಯ ಬೇಡ.) ಅಲ್ಲಿಯವರೆಗೆ ಈ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ಯಂತ್ರವನ್ನು ಯಾರೂ ಚಾಲೂ ಮಾಡಬಾರದು. ಕೊಳವೆಬಾವಿಯ ಗಡಸು ನೀರು ಯಂತ್ರದ ತಗಡುಗಳ ಮೇಲೆ ಬಿಳಿ ಪದರ ಕಟ್ಟುವುದರಿಂದ, ಹೊಸ ನೀರು ಬಿಡುವ ಮುನ್ನ ಗಡಸುತನವನ್ನೂ ತಪ್ಪದೆ ಅಳೆಯತಕ್ಕದ್ದು.