ಮುಂದಿನ ತಿಂಗಳಿಂದ ಚದರಡಿ ರೇಟ್ ಇರುವುದಿಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಸ್ಟೀಲ್ ಕಟ್ಟಡಗಳಿಗೆ ಚದರಡಿಗೆ ಇಷ್ಟು ಅಂತ ಒಂದೇ ರೇಟ್ ಕೊಡುವುದನ್ನು ಮುಂದಿನ ತಿಂಗಳ 1ರಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಉಕ್ಕಿಗೆ ನಾವು ಖರೀದಿ ಮಾಡಿದ ದಿನದ ಬೆಲೆ. ಆ ಖರೀದಿ ಬಿಲ್‌ನ ಪ್ರತಿಯನ್ನು ನಿಮಗೇ ಕೊಡುತ್ತೇವೆ. ಕಟಿಂಗ್, ವೆಲ್ಡಿಂಗ್, ಪೇಂಟ್, ಸಾಗಾಟ, ಸೈಟ್‌ನಲ್ಲಿ ಎತ್ತಿ ನಿಲ್ಲಿಸುವ ಎರೆಕ್ಷನ್‌ಗೆ ಕೆಜಿ ಲೆಕ್ಕದ ಕೂಲಿ. ಆರ್ಡರ್ ಆದ ಮೇಲೆ ಈ ಕೂಲಿ ಒಂದು ಪೈಸೆಯೂ ಏರುವುದಿಲ್ಲ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ರೇಟೇ.

ಬ್ಯಾಂಕಿಗೆ ಒಂದೇ ಮೊತ್ತ ತೋರಿಸಬೇಕಾದವರಿಗೆ ಇದರಿಂದ ತೊಂದರೆ ಆಗುತ್ತದೆ. ಕ್ಷಮಿಸಿ. ಅಂಥವರಿಗೆ ಅಂದಾಜು ವೆಚ್ಚದ ಪತ್ರ ಬೇರೆಯಾಗಿ ಬರೆದುಕೊಡುತ್ತೇವೆ.

ಈಗ ದಿನಾ ಕೇಳುತ್ತಿರುವ ಮಾತಿಗೆ ಬರುತ್ತೇವೆ. "ಸ್ಟೀಲ್ ರೇಟ್ ಇಳಿದಿದೆ ಅಂತ ಪೇಪರ್‌ನಲ್ಲೇ ಬಂದಿದೆ, ನೀವ್ಯಾಕೆ ಇಳಿಸಲ್ಲ?" ಈ ಮಾತು ನಮಗೆ ನೋವು ಕೊಟ್ಟಿದೆ. ಪೇಪರ್‌ನಲ್ಲಿ ಹೆಚ್ಚಾಗಿ ಬರುವುದು ಟಿಎಂಟಿ ಕಂಬಿಯ ರೇಟು. ಅದು ಕಾಂಕ್ರೀಟಿನ ಒಳಗೆ ಹೋಗುವ ಮಾಲು. ನಾವು ಕಂಬ, ತೊಲೆ ಮಾಡುವುದು ಪ್ಲೇಟ್‌ನಿಂದ. ಎರಡರ ಮಾರುಕಟ್ಟೆ ಬೇರೆ, ಏರಿಳಿತವೂ ಬೇರೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆಮದು ಉಕ್ಕಿನ ಮೇಲೆ ಶೇ 12 ರಕ್ಷಣಾ ಸುಂಕ (ಅಗ್ಗದ ಆಮದಿನಿಂದ ನಮ್ಮ ದೇಶದ ಕಾರ್ಖಾನೆಗಳನ್ನು ಕಾಪಾಡುವ ತೆರಿಗೆ) ಹಾಕಿದ್ದು ಪ್ಲೇಟ್, ಕಾಯಿಲ್‌ನಂಥ ಚಪ್ಪಟೆ ಮಾಲಿಗೆ. ಕಂಬಿಗೆ ಅಲ್ಲ. 2022ರಲ್ಲಂತೂ ಮೇ ತಿಂಗಳಲ್ಲಿ ಶೇ 15 ರಫ್ತು ಸುಂಕ ಬಂತು, ನವೆಂಬರ್‌ನಲ್ಲಿ ಹೋಯಿತು. ಒಂದು ದೊಡ್ಡ ಕಟ್ಟಡ ಏಳುವಷ್ಟರಲ್ಲಿ ಇಷ್ಟೆಲ್ಲ ಆಗಿಹೋಗುತ್ತದೆ. ಚದರಡಿ ರೇಟ್ ಕೊಡುವ ಯಾವ ಶಾಪ್ ಆದರೂ ಬೆಲೆ ಏರೀತು ಎಂಬ ಭಯಕ್ಕೆ ಅಂತ ಸ್ವಲ್ಪ ದುಡ್ಡು ಸೇರಿಸಲೇಬೇಕು. ಬೆಲೆ ಇಳಿದರೆ ಆ ದುಡ್ಡು ನಿಮ್ಮದು ಹೋಯಿತು, ಏರಿದರೆ ನಮ್ಮದು. ಹೊಸ ಲೆಕ್ಕದಲ್ಲಿ ಬೆಲೆ ಇಳಿದರೆ ಲಾಭ ಪೂರ್ತಿ ನಿಮಗೇ.

ಚದರಡಿ ಲೆಕ್ಕದಲ್ಲಿ ಇನ್ನೊಂದು ಅನ್ಯಾಯ ಇದೆ. ಕಂಬಗಳ ನಡುವೆ 6 ಮೀಟರ್ ಇದ್ದದ್ದನ್ನು 12 ಮಾಡಿದರೆ, ಮೀಟರಿಗೆ ಅಷ್ಟೇ ಭಾರ ಹೊತ್ತ ತೊಲೆಯ ಮೇಲೆ ಬಾಗಿಸುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಉಕ್ಕೂ ಜಾಸ್ತಿ ಬೇಕು. ಮದುವೆ ಹಾಲ್‌ಗೂ ನಾಲ್ಕು ಮಹಡಿ ಆಫೀಸಿಗೂ ಒಂದೇ ರೇಟ್ ಹಾಕಿದರೆ ಒಬ್ಬರ ಉಕ್ಕಿಗೆ ಇನ್ನೊಬ್ಬರು ದುಡ್ಡು ಕೊಟ್ಟಂತೆ, ಅಲ್ವಾ?

ತೂಕವನ್ನು ನೀವೇ ನೋಡಿಕೊಳ್ಳಬಹುದು. ಪ್ಲೇಟಿನ ಉದ್ದ, ಅಗಲ ಮೀಟರ್‌ನಲ್ಲಿ, ದಪ್ಪ ಮಿಲಿಮೀಟರ್‌ನಲ್ಲಿ ತೆಗೆದುಕೊಂಡು ಗುಣಿಸಿ, ಬಂದದ್ದನ್ನು 7.85ರಿಂದ ಗುಣಿಸಿದರೆ ಕೆಜಿ ಸಿಗುತ್ತದೆ. ಒಂದು ಚದರ ಮೀಟರ್ 10 ಮಿಮೀ ಪ್ಲೇಟ್ 78.5 ಕೆಜಿ. ಅನುಮಾನ ಇದ್ದರೆ ಲಾರಿಯನ್ನು ನೀವು ಹೇಳಿದ ವೇಬ್ರಿಡ್ಜ್‌ಗೆ ಕರೆದುಕೊಂಡು ಹೋಗುತ್ತೇವೆ.

ಕೂಲಿ ಜಾಸ್ತಿ ಅನ್ನುವವರಿಗೂ ಒಂದು ಮಾತು. ನಾವು ಪ್ಲೇಟ್ ತಂದು ಸುಮ್ನೆ ಅಂಟಿಸುವುದಿಲ್ಲ. ಬ್ಲಾಸ್ಟಿಂಗ್ ಮಾಡಿ, ಅಂದರೆ ಸಣ್ಣ ಗಟ್ಟಿ ಕಣಗಳನ್ನು ರಭಸದಿಂದ ಹೊಡೆದು, ತುಕ್ಕು ಪೂರ್ತಿ ತೆಗೆದ ಮೇಲೇ ಪ್ರೈಮರ್. ಮುಖ್ಯ ವೆಲ್ಡ್‌ಗಳಿಗೆ ಒಳಗಿನ ದೋಷ ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆ. ಮುಖ್ಯ ಜೋಡಣೆ ಎಲ್ಲ ಸೈಟ್‌ನಲ್ಲಿ ಬೋಲ್ಟ್‌ನಿಂದಲೇ. "ಬೆಂಕಿ ತಡೆಯುವ ಪೇಂಟ್ ಬಿಟ್ಟುಬಿಡಿ, ರೇಟ್ ಇಳಿಸಿ" ಅಂತ ಕೆಲವರು ಕೇಳಿದ್ದಾರೆ. ಉಕ್ಕು ಉರಿಯುವುದಿಲ್ಲ ನಿಜ. ಆದರೆ 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಮಹಡಿಯಲ್ಲಿ ಇರುವವರು ಇಳಿದು ಬರುವವರೆಗೆ ತೊಲೆ ನಿಲ್ಲಬೇಕು. ಇದರಲ್ಲಿ ಚೌಕಾಸಿ ಬೇಡ. ಆರ್ಡರ್ ಕೈತಪ್ಪಿದರೂ ನಾವು ಆ ಪೇಂಟ್ ಬಿಡುವುದಿಲ್ಲ.

ಹಳೆಯ ಕೊಟೇಶನ್ ಕೈಯಲ್ಲಿ ಇಟ್ಟುಕೊಂಡು ಏನು ಮಾಡುವುದು ಅಂತ ಯೋಚಿಸುತ್ತಿರುವವರು ಶನಿವಾರ ಮಧ್ಯಾಹ್ನ ಪೀಣ್ಯದ ಶಾಪ್‌ಗೆ ಬನ್ನಿ. ಡ್ರಾಯಿಂಗ್ ತನ್ನಿ. ಎದುರಿಗೇ ಕೂತು ಹೊಸ ಲೆಕ್ಕದಲ್ಲಿ ಎಷ್ಟಾಗುತ್ತದೆ ಅಂತ ಹಾಕಿ ತೋರಿಸುತ್ತೇವೆ. ಅದು ಒಪ್ಪಿಗೆಯಾಗದಿದ್ದರೆ ಡ್ರಾಯಿಂಗ್ ಕೆಲಸಕ್ಕೆ ನಿಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ.

ಇಂತಿ,
ಶಾಪ್‌ನ ಪಾಲುದಾರರು ಮತ್ತು ಕೆಲಸಗಾರರು