ಒಂದು ರಾಗಕ್ಕೆ ಒಂದು ವಾರ

ಧಾರವಾಡ
ಶ್ರಾವಣ ಸೋಮವಾರ

ಚಿ. ಪುಟ್ಟಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಎಂಟು ದಿನಗಳಿಂದ ಜಿಟಿಜಿಟಿ ಮಳೆ ಹಿಡಿದುಕೊಂಡಿದೆ. ಪಡಸಾಲೆಯ ತುಂಬ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದೇವೆ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಗೆಳತಿಯ ಮನೆಯಲ್ಲಿ ಅಕಸ್ಮಾತ್ತಾಗಿ ಭೀಮಸೇನ ಜೋಶಿಯವರ ಮಾಲಕಂಸ ರಾಗ ಕಿವಿಗೆ ಬಿದ್ದು, ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ ಬಂದಾಗ ನನ್ನ ಕಣ್ಣು ಒದ್ದೆಯಾಯಿತು. ನಮ್ಮ ಮನೆಯ ಮಕ್ಕಳಲ್ಲಿ ಯಾರಿಗಾದರೂ ಈ ಹುಚ್ಚು ಹಿಡಿಯಲಿ ಎಂದು ನಾನು ಎಷ್ಟು ವರ್ಷ ಕಾದಿದ್ದೆನೋ ನಿನಗೆ ಗೊತ್ತಿಲ್ಲ.

ಆದರೆ ಪತ್ರದ ಉಳಿದ ಭಾಗ ನನ್ನನ್ನು ಚಿಂತೆಗೆ ಹಚ್ಚಿತು. ಎರಡೇ ತಿಂಗಳಲ್ಲಿ 240 ಧ್ವನಿಮುದ್ರಣಗಳನ್ನು ಮೊಬೈಲಿನಲ್ಲಿ ಕೂಡಿಹಾಕಿದ್ದೀ. ಒಂದೇ ದಿನ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹದಿನೇಳನ್ನು ಕಳಿಸಿ, ಯಾರೂ ಕೇಳಲಿಲ್ಲವೆಂದು ನೊಂದುಕೊಂಡಿದ್ದೀ. ಈಗ ಕೇಳಲೇಬೇಕಾದ ನೂರು ಕಛೇರಿಗಳ ಪಟ್ಟಿ ಕಳಿಸಿರಿ ಎಂದು ನನ್ನನ್ನು ಕೇಳುತ್ತಿದ್ದೀ. ಪಟ್ಟಿಯನ್ನು ನಾನು ಕಳಿಸುವುದಿಲ್ಲ. ಸಿಟ್ಟಾಗಬೇಡ, ಕಾರಣ ಹೇಳುತ್ತೇನೆ.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ನಿನ್ನ ಅಜ್ಜ ಕೊಂಡ ಒಂದು ರೇಡಿಯೊ. ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ. ಊಟ ಮುಗಿಸಿ, ತಲಬಾಗಿಲು ಹಾಕಿ, ಅಜ್ಜ ಮುಂದೆ ಕುಳಿತರೆ ನಾವು ಅಣ್ಣತಮ್ಮಂದಿರು ಹಿಂದೆ. ಮಳೆಗಾಲದಲ್ಲಿ ಅರ್ಧ ಹಾಡು, ಅರ್ಧ ಗರಗರ. ಮುಗಿದರೆ ಮುಗಿಯಿತು, ತಿರುಗಿ ಕೇಳುವ ದಾರಿಯೇ ಇರಲಿಲ್ಲ. ಅದಕ್ಕೇ ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆವು. ಭಾನುವಾರ ಬಾವಿಯಿಂದ ನೀರು ಸೇದುವಾಗ ಅಣ್ಣ, ಅಂದರೆ ನಿನ್ನ ಅಪ್ಪ, ಮುಖಡಾ ಗುನುಗುತ್ತಿದ್ದ, ಹಾಡಿನಲ್ಲಿ ಮತ್ತೆ ಮತ್ತೆ ಬರುವ ಮೊದಲ ಸಾಲಿನ ತುಣುಕು. ಅವನು ಎಲ್ಲಿ ತಪ್ಪಿದ ಎಂದು ನಾನು ಜಗಳ ತೆಗೆಯುತ್ತಿದ್ದೆ. ಒಂದು ರಾಗ ಇಡೀ ವಾರ ಮನೆಯಲ್ಲಿ ಓಡಾಡಿಕೊಂಡಿರುತ್ತಿತ್ತು. ಆ ಬಡತನವೇ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ನಿನಗೆ ಸಿಕ್ಕ ಭಾಗ್ಯ ನಮಗೆ ಸಿಕ್ಕಿದ್ದರೆ ಕುಣಿಯುತ್ತಿದ್ದೆವು. ಆದರೆ ಇಡೀ ವಾರ ಒಂದು ರಾಗದ ಜೊತೆಗಿರುವ ಆ ರೂಢಿಯನ್ನು ಮಾತ್ರ ಬಿಡಬೇಡ.

ನಿನಗೆ ನಿದ್ದೆಗೆಡಿಸಿದ ಭೀಮಸೇನರ ಕಥೆಯನ್ನೇ ನೋಡು. ಗದಗಿನ ಹುಡುಗ, ಅಬ್ದುಲ್ ಕರೀಂ ಖಾನರ ಒಂದು ಗ್ರಾಮೊಫೋನ್ ತಟ್ಟೆ ಕೇಳಿದ. ಝಿಂಝೋಟಿ ರಾಗದ ಠುಮ್ರಿ, ‘ಪಿಯಾ ಬಿನ ನಾಹೀ ಆವತ ಚೈನ’. ಆ ಕಾಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಹಾಗೆಯೇ ಹಾಡಬೇಕೆಂಬ ಹಂಬಲ ಹತ್ತಿ, 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ವಿಜಾಪುರ, ಪುಣೆ, ಗ್ವಾಲಿಯರ್ ಎಂದು ಅಲೆದು ಜಾಲಂಧರದವರೆಗೆ ಹೋದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಮೂರು ನಿಮಿಷದ ತಟ್ಟೆ ಹುಡುಗನನ್ನು ಇಡೀ ದೇಶ ಸುತ್ತಿಸಿ ಅದೇ ಧ್ವನಿಯ ಮನೆಗೆ ತಂದು ಬಿಟ್ಟಿತು. ಆ ಹುಡುಗನ ಕೈಯಲ್ಲಿ 240 ತಟ್ಟೆಗಳಿದ್ದಿದ್ದರೆ ಹೀಗಾಗುತ್ತಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆದ್ದರಿಂದ ಒಂದು ವಾರಕ್ಕೆ ಒಂದೇ ರಾಗ, ಅದರಲ್ಲಿಯೂ ಒಂದೇ ಧ್ವನಿಮುದ್ರಣ ಎಂದು ಗೊತ್ತುಮಾಡಿಕೋ. ಮೊದಲ ದಿನ ಏನನ್ನೂ ಹುಡುಕಬೇಡ, ಸುಮ್ಮನೆ ಕೇಳು. ಮರುದಿನ ತಂಬೂರಿಯನ್ನು ಮಾತ್ರ ಕೇಳು. ನಗಬೇಡ, ಇಡೀ ಹಾಡಿನ ನೆಲವೇ ಅದು. ತಂಬೂರಿ ಕಿವಿಯಲ್ಲಿ ಕುಳಿತರೆ ಪ್ರತಿ ಸ್ವರ ಆ ನೆಲದಿಂದ ಎಷ್ಟು ದೂರ ಹೋಗಿ ನಿಂತಿದೆ ಎಂದು ತಾನೇ ತಿಳಿಯತೊಡಗುತ್ತದೆ. ಆಮೇಲೆ ತಬಲಾ.

ವಿಲಂಬಿತ, ಅಂದರೆ ನಿಧಾನ ಲಯದ ಹಾಡಿಕೆ, ಶುರುವಾದರೆ ದಿಕ್ಕೇ ತಪ್ಪುತ್ತದೆ ಎಂದು ಬರೆದಿದ್ದೀಯಲ್ಲ, ಅದಕ್ಕೊಂದು ಉಪಾಯವಿದೆ. ಹಾಗೆ ನಿಧಾನವಾಗಿ ಹಾಡುವ ದೊಡ್ಡ ಖಯಾಲುಗಳಲ್ಲಿ ಹೆಚ್ಚಿನವು ಏಕತಾಲದಲ್ಲಿ ಇರುತ್ತವೆ, 12 ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ತಬಲಾ ನುಡಿಯುವುದು ಹೀಗೆ: ‘ಧಿನ್ ಧಿನ್ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧೀ ನಾ.’ ಲಯ ಬಹಳ ನಿಧಾನವಾದಾಗ ತಾಲದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, ಮುಕ್ಕಾಲು ನಿಮಿಷ ಹಿಡಿಯುವುದೂ ಉಂಟು. ಹನ್ನೆರಡನ್ನೂ ಎಣಿಸಲು ಹೋದರೆ ಹಾಡು ಕೈತಪ್ಪುತ್ತದೆ. ನೀನು ‘ತಿರಕಿಟ’ವನ್ನು ಮಾತ್ರ ಹಿಡಿ. ಅದು ನಾಲ್ಕನೆಯ ಮಾತ್ರೆಯಲ್ಲಿ ಒಮ್ಮೆ, ಹತ್ತನೆಯದರಲ್ಲಿ ಇನ್ನೊಮ್ಮೆ ಬರುತ್ತದೆ. ಎರಡನೆಯ ತಿರಕಿಟ ಕೇಳಿಸಿತೆಂದರೆ ಇನ್ನು ಎರಡೇ ಮಾತ್ರೆ, ಆಮೇಲೆ ಸಮ್, ಅಂದರೆ ಹೊಸ ಸುತ್ತಿನ ಮೊದಲ ಮಾತ್ರೆ. ಆಗ ಗಾಯಕರು ಎಲ್ಲಿದ್ದಾರೆ ಎಂದು ಗಮನಿಸು. ಎಲ್ಲೋ ತಾರ ಷಡ್ಜದ, ಅಂದರೆ ಮೇಲಿನ ಸಾ ಸ್ವರದ ಹತ್ತಿರ ತೇಲುತ್ತಿದ್ದವರು ಮುಖಡಾದ ಒಂದು ಮಾತನ್ನು ಎತ್ತಿಕೊಂಡು, ಅವಸರವೇ ಇಲ್ಲದವರಂತೆ ಇಳಿದು ಬಂದು ಸಮ್ಮಿನ ಮೇಲೆ ಕಾಲಿಡುತ್ತಾರೆ. ಬೈಠಕಿನಲ್ಲಿ ಹಿರಿಯರು ಆ ಕ್ಷಣಕ್ಕೆ ‘ವಾಹ್’ ಎಂದು ತಲೆದೂಗುವುದು ಯಾಕೆಂದು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ತಲೆಯೇ ದೂಗುತ್ತದೆ.

ವಾರಕ್ಕೊಂದು ರಾಗವೆಂದರೆ ವರ್ಷಕ್ಕೆ ಐವತ್ತೇ ಆಯಿತಲ್ಲ ಎನ್ನಬಹುದು. ಐವತ್ತು ರಾಗಗಳು ನಿಜವಾಗಿ ಗೊತ್ತಿರುವವರು ನಮ್ಮ ಧಾರವಾಡದಲ್ಲಿಯೂ ಕಡಿಮೆ.

ಭೂಪ ಕೇಳಿದ ವಾರದ ನಂತರ ದೇಶಕಾರ ಕೇಳು. ಎರಡರಲ್ಲಿಯೂ ಇರುವುದು ಅವೇ ಐದು ಸ್ವರ. ದಕ್ಷಿಣಾದಿಯಲ್ಲಿ, ಅಂದರೆ ಕರ್ನಾಟಕ ಸಂಗೀತದಲ್ಲಿ, ಮೋಹನ ಎನ್ನುತ್ತಾರಲ್ಲ, ಅವೇ. ಆದರೆ ಭೂಪದ ಜೀವ ಗಾಂಧಾರದಲ್ಲಿದೆ, ಸಂಜೆ ದೀಪ ಹಚ್ಚಿದ ಮೇಲೆ ಹಾಡುತ್ತಾರೆ. ದೇಶಕಾರ ಬೆಳಗಿನದು, ಧೈವತದ ಮೇಲೆ ನಿಲ್ಲುತ್ತದೆ, ಮೇಲಿನ ಅರ್ಧದಲ್ಲಿಯೇ ಓಡಾಡುತ್ತದೆ. ಜೋಳದ ಹಿಟ್ಟು ಒಂದೇ ಆದರೂ ತಟ್ಟಿದ ರೊಟ್ಟಿಯ ರುಚಿ ಬೇರೆ, ಕುದಿಸಿದ ಅಂಬಲಿಯ ರುಚಿ ಬೇರೆ, ಹಾಗೆ. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ಸಾಲಿನ ಮಾಹಿತಿ. ಕಿವಿಯಿಂದ ಒಮ್ಮೆ ಗುರುತಿಸಿದರೆ ಆ ದಿನ ಊಟ ರುಚಿಸದು, ಅಷ್ಟು ಸಂತೋಷ.

ಘರಾಣೆಗಳಲ್ಲಿ, ಅಂದರೆ ಹಾಡಿಕೆಯ ಪರಂಪರೆಗಳಲ್ಲಿ, ಕಿರಾಣಾ ದೊಡ್ಡದೋ ಜೈಪುರ ದೊಡ್ಡದೋ ಎಂದು ಕೇಳಿದ್ದೀ. ಆ ವಾದಕ್ಕೆ ಹೋಗಬೇಡ. ಒಳ್ಳೆಯ ಗೆಳೆಯನೊಬ್ಬನನ್ನು ನಾನು ಅದೇ ವಾದದಲ್ಲಿ ಕಳೆದುಕೊಂಡೆ. ಅದರ ಬದಲು ಕಿರಾಣಾದ ಭೀಮಸೇನರನ್ನು ಕೇಳಿದ ಮೇಲೆ ಜೈಪುರದ ಮಲ್ಲಿಕಾರ್ಜುನ ಮನಸೂರರನ್ನು ಕೇಳು. ಭೀಮಸೇನರು ಒಂದೊಂದೇ ಸ್ವರದ ಬಾಗಿಲು ತೆರೆಯುತ್ತ ಹೋದರೆ, ಮನಸೂರರು ನೇರವಾಗಿ ಚೀಜನ್ನೇ, ಅಂದರೆ ರಾಗದ ಹಾಡನ್ನೇ, ಕೈಗೆತ್ತಿಕೊಂಡು ಮಧ್ಯಲಯದಲ್ಲಿ ಹೊರಟುಬಿಡುತ್ತಾರೆ. ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದೇ ತಿಳಿಯುವುದಿಲ್ಲ. ಖಟ, ಬಹಾದುರಿ ತೋಡಿ, ಶಿವಮತ ಭೈರವ ಎಂದು ಇನ್ನೆಲ್ಲಿಯೂ ಸುಲಭವಾಗಿ ಸಿಗದ ರಾಗಗಳನ್ನು ಪರಿಚಯದ ಓಣಿಯಲ್ಲಿ ನಡೆದಂತೆ ಹಾಡುತ್ತಾರೆ. ಮೊದಲ ಸಲ ನಿನಗೆ ಹಿಡಿಸದೆ ಹೋಗಬಹುದು. ನನಗೂ ಹಿಡಿಸಿರಲಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಕೇಳು. ಹಿಡಿಸದ್ದನ್ನು ಹಿಡಿಸಿತು ಎಂದು ಮಾತ್ರ ಯಾರ ಮುಂದೆಯೂ ಹೇಳಬೇಡ.

ಇನ್ನು ಹಂಚಿಕೊಳ್ಳುವ ಮಾತು. ನಿನ್ನ ಪತ್ರಕ್ಕೆ ಕಾಗದದಲ್ಲಿಯೇ ಉತ್ತರಿಸಬೇಕೆಂದು ನಾನು ಕುಳಿತದ್ದು ಇದಕ್ಕಾಗಿ.

ಮದುವೆಯಾದ ಹೊಸತರಲ್ಲಿ, ಮೊದಲ ಟೇಪ್ ರೆಕಾರ್ಡರ್ ತಂದ ದಿನ, ನಿನ್ನ ಕಾಕಿಯನ್ನು ಎದುರಿಗೆ ಕೂಡಿಸಿ ತೋಡಿ ಹಚ್ಚಿದೆ. ಸುಮ್ಮನಿದ್ದೆನೇ? ‘ಈಗ ಬಂತು ನೋಡು ಕೋಮಲ ಗಾಂಧಾರ’, ‘ಇಲ್ಲಿ ಸಮ್’, ‘ಈ ತಾನ್ ಕೇಳಿದೆಯಾ’ ಎಂದು ಒಂದು ಗಳಿಗೆ ಬಿಡದೆ ವಿವರಿಸಿದೆ. ಅವಳು ನನ್ನ ಮುಖ ನೋಡುತ್ತಿದ್ದಳೇ ಹೊರತು ಹಾಡು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು. ಹಾಲು ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ನಾನು ಟೇಪ್ ಹಚ್ಚಿದರೆ ಸಾಕು, ಅವಳಿಗೆ ಹಿತ್ತಲಿನಲ್ಲಿ ಕೆಲಸ ನೆನಪಾಗುತ್ತಿತ್ತು. ನನ್ನ ಜೀವಕ್ಕೆ ಅತ್ಯಂತ ಹತ್ತಿರವಾದದ್ದರಿಂದ ನನ್ನ ಹತ್ತಿರದವಳನ್ನೇ ದೂರ ಮಾಡಿದೆನಲ್ಲ ಎಂಬ ಸಂಕಟ ನನಗೆ ಬಹುಕಾಲ ಇತ್ತು.

ಒಂದು ದಿನ ಬೆಳಿಗ್ಗೆ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ನಾನು ಒಳಕೋಣೆಯಲ್ಲಿ ನನ್ನ ಪಾಡಿಗೆ ಕೇಳುತ್ತಿದ್ದೆ. ಬಹಳ ಹೊತ್ತಾದ ಮೇಲೆ ಅವಳೇ ಬಾಗಿಲಿಗೆ ಬಂದು, ‘ಇದು ಯಾವುದು?’ ಎಂದಳು. ‘ತೋಡಿ’ ಎಂದೆ. ಇನ್ನೊಂದು ಮಾತು ಆಡಲಿಲ್ಲ. ಆಡದೇ ಇರುವುದು ಎಷ್ಟು ಕಷ್ಟವಾಯಿತು ಎಂದು ಹೇಗೆ ಹೇಳಲಿ? ಮೊರವನ್ನು ಅಲ್ಲಿಗೇ ತಂದು ಹೊಸ್ತಿಲ ಹತ್ತಿರ ಕುಳಿತು, ಮುಗಿಯುವವರೆಗೂ ಕೇಳಿದಳು. ಇಂದು ತೋಡಿಯನ್ನು ನನಗಿಂತ ಮೊದಲು ಗುರುತಿಸುವವಳು ಅವಳೇ.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಅದೇ ಸವಾಯಿ ಗಂಧರ್ವರ ಹತ್ತಿರ ಕಲಿಯುತ್ತಿದ್ದರು. ಜಿಪುಣ ಹಣ ಬಿಚ್ಚುವಂತೆ ಸ್ವರಗಳನ್ನು ಬಿಚ್ಚಬೇಕು, ಆಗ ಒಂದೊಂದರ ಬೆಲೆಯೂ ಕೇಳುವವರಿಗೆ ತಿಳಿಯುತ್ತದೆ ಎಂದು ಗುರುಗಳು ಕಲಿಸಿದ್ದನ್ನು ಅವರು ನೆನೆಯುತ್ತಿದ್ದರು. ಹಾಡುವವರಿಗೆ ಹೇಳಿದ ಆ ಮಾತು ಹಾಡು ಹಂಚುವವರಿಗೂ ಸಲ್ಲುತ್ತದೆ, ಪುಟ್ಟೀ. ಹದಿನೇಳನ್ನು ಹದಿನೆಂಟು ಜನರಿಗೆ ಕಳಿಸಬೇಡ. ಒಬ್ಬರಿಗೆ ಒಂದು ಕೊಡು. ಆ ಒಬ್ಬರು ಯಾರು, ಅವರ ಕಿವಿಯಲ್ಲಿ ಈಗಾಗಲೇ ಏನಿದೆ ಎಂದು ಮೊದಲು ಯೋಚಿಸು.

ನಿನ್ನ ಅಪ್ಪನನ್ನೇ ತೆಗೆದುಕೋ. ಬಾವಿಕಟ್ಟೆಯಲ್ಲಿ ಮುಖಡಾ ಗುನುಗುತ್ತಿದ್ದವನು ಸಂಸಾರದ ಗದ್ದಲದಲ್ಲಿ ಎಲ್ಲ ಬಿಟ್ಟ. ಆದರೆ ಭೀಮಸೇನರ ದಾಸವಾಣಿ ಇಂದಿಗೂ ಅವನಿಗೆ ಬಾಯಿಪಾಠ. ಅವನಿಗೆ ಒಂದೂವರೆ ತಾಸಿನ ಖಯಾಲು ಕಳಿಸಿದರೆ ಕೈಮುಗಿಯುವ ಗುರುತು ಹಾಕದೆ ಇನ್ನೇನು ಮಾಡುತ್ತಾನೆ? ದೀಪಾವಳಿಗೆ ಬಂದಾಗ ಒಂದು ಪದ ಹಚ್ಚಿ ಪಕ್ಕದಲ್ಲಿ ಕುಳಿತುಕೋ. ಅದು ಮುಗಿದ ಮೇಲೆ ಅದೇ ರಾಗದ ಒಂದು ಪುಟ್ಟ ಚೀಜು ಹಚ್ಚು. ರಾಗದ ಹೆಸರನ್ನು ಅವನೇ ಹೇಳಲಿ. ಅವನಿಗೆ ಗೊತ್ತಿದೆ.

ನಿನ್ನ ಕೋಣೆಯ ಚೆನ್ನೈ ಹುಡುಗಿ ಚಿಕ್ಕಂದಿನಲ್ಲಿ ವೀಣೆ ಕಲಿತವಳು ಎಂದಿದ್ದೀ. ಅವಳಿಗೆ ನಿನ್ನ ಮಾಲಕಂಸವನ್ನೇ ಕೇಳಿಸು. ‘ಇದು ನಮ್ಮ ಹಿಂದೋಳವಲ್ಲವೇ’ ಎಂದು ಅವಳು ಹುಬ್ಬೇರಿಸುತ್ತಾಳೆ. ನಮ್ಮಲ್ಲಿ ಹಿಂಡೋಲ ಎಂಬುದು ಬೇರೆಯೇ ರಾಗ, ಹೆಸರು ನೋಡಿ ಮೋಸಹೋಗಬೇಡಿರಿ. ಆಮೇಲೆ ಅವಳು ಕೇಳಿಸಿದ್ದನ್ನು ನೀನು ಕೇಳು. ಹಂಸಧ್ವನಿ, ಆಭೋಗಿ ನಮಗೆ ಬಂದದ್ದು ಅವರ ಮನೆಯಿಂದಲೇ. ಕೊಡುವವಳು ನೀನೊಬ್ಬಳೇ ಆದರೆ ಸ್ನೇಹಕ್ಕೆ ಭಾರವಾಗುತ್ತದೆ.

ಪುಣೆಯಲ್ಲಿಯೇ ಇದ್ದೀ. ಗುರು ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನರು 1953ರಲ್ಲಿ ಶುರುಮಾಡಿದ ಉತ್ಸವ ಡಿಸೆಂಬರಿನಲ್ಲಿ ನಿನ್ನ ಊರಿನಲ್ಲಿಯೇ ನಡೆಯುತ್ತದೆ. ಈ ವರ್ಷ ತಪ್ಪಿಸಬೇಡ. ಕುರ್ಚಿಯ ಟಿಕೆಟ್ ಬೇಡ, ನೆಲದ ಮೇಲೆ ಜನರ ನಡುವೆ ಕುಳಿತುಕೋ. ಮುಂದಿನ ಸಲ ಊರಿಗೆ ಬಂದಾಗ ನಿನ್ನನ್ನು ಸವಾಯಿ ಗಂಧರ್ವರಿಗೆ ಆಸರೆಯಾಗಿದ್ದ ಕುಂದಗೋಳದ ನಾಡಗೀರರ ವಾಡೆಗೆ ಕರೆದುಕೊಂಡು ಹೋಗುತ್ತೇನೆ.

ಪಟ್ಟಿ ಕೇಳಿದ್ದೀ, ಬರಿಗೈಯಲ್ಲಿ ಕಳಿಸಲಾರೆ. ಈ ವಾರಕ್ಕೆ ಮಾರವಾ. ಅದರಲ್ಲಿ ಪಂಚಮವಿಲ್ಲ. ಆದ್ದರಿಂದ ಬೇರೆ ರಾಗಗಳಲ್ಲಿ ಹೆಚ್ಚಾಗಿ ಪಂಚಮಕ್ಕೆ ಕೂಡಿಸುವ ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೋ ಧೈವತಕ್ಕೋ ಕೂಡಿಸಿರುತ್ತಾರೆ. ಕೋಮಲ ರಿಷಭದಲ್ಲಿಯೂ ಧೈವತದಲ್ಲಿಯೂ ನಿಂತು ನಿಂತು, ಷಡ್ಜವನ್ನು ಬೇಕೆಂದೇ ತಡಮಾಡುತ್ತಾರೆ. ಕೆಲಸದಿಂದ ಬಂದು, ಹೊತ್ತು ಮುಳುಗುವಾಗ, ದೀಪ ಹಾಕದೆ ಕೇಳು. ಯಾರ ಹಾಡಿಕೆ ಎಂದು ನೀನೇ ಆರಿಸಿಕೋ. ಎಂಟು ದಿನ ನನಗೆ ಏನೂ ಬರೆಯಬೇಡ. ಒಂಬತ್ತನೆಯ ದಿನ, ಷಡ್ಜ ಬಂದಾಗ ನಿನಗೆ ಏನಾಯಿತು ಎಂದಷ್ಟೇ ಬರೆ.

ಕಾಕಿ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಕುಟ್ಟಿ ಇಟ್ಟಿದ್ದಾಳೆ. ಗುರುವಾರ ಪುಣೆಗೆ ಬರುವವರ ಕೈಯಲ್ಲಿ ಕಳಿಸುತ್ತೇವೆ. ನಿನ್ನ ಪತ್ರವನ್ನು ಅವಳಿಗೂ ಓದಿ ಹೇಳಿದೆ. ಮಾಲಕಂಸದ ಜಾಗಕ್ಕೆ ಬಂದಾಗ ಅವಳು ಮತ್ತೊಮ್ಮೆ ಓದಿಸಿದಳು.

ಇತಿ ನಿನ್ನ ಪ್ರೀತಿಯ
ಕಾಕಾ