ಮ್ಯಾಂಚೆಸ್ಟರ್‌ನಿಂದ ಅಪ್ಪನಿಗೆ ಆಲೆಮನೆ ಲೆಕ್ಕ

ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಊಟಕ್ಕೆ ತೊಂದರೆಯಿಲ್ಲ. ಮಳೆಯದ್ದೇ ಕಾಟ.

ಅಪ್ಪ, "ಕೆಮಿಸ್ಟ್ರಿ ಓದೋಕೆ ಅಷ್ಟು ದೂರ ಹೋಗಬೇಕಿತ್ತಾ?" ಅಂತ ಫೋನಿನಲ್ಲಿ ಕೇಳಿದಿರಲ್ಲ. ನಾನು ಓದುತ್ತಿರುವುದು ಕೆಮಿಕಲ್ ಎಂಜಿನಿಯರಿಂಗ್. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಕೆಮಿಸ್ಟ್ರಿಗಿಂತ ಪೈಪು, ಪಂಪು, ಶಾಖ, ಆವಿಯದ್ದೇ ಪಾಠ ಜಾಸ್ತಿ. ಬೀಕರಿನಲ್ಲಿ ಆಗುವ ಕೆಲಸವನ್ನು ಟನ್‌ಗಟ್ಟಲೆ ಮಾಡಬೇಕು. ಸಿಡಿಯಬಾರದು, ನಷ್ಟವೂ ಆಗಬಾರದು.

ನಮ್ಮ ಆಲೆಮನೆಯನ್ನೇ ತೆಗೆದುಕೊಳ್ಳಿ. 100 ಕಿಲೋ ಕಬ್ಬಿನ ಹಾಲಿನಲ್ಲಿ 18 ಕಿಲೋ ಸಿಹಿ ಅಂಶ ಇದೆ ಅಂದುಕೊಳ್ಳೋಣ. ಬೆಲ್ಲದಲ್ಲಿ ಸ್ವಲ್ಪ ನೀರೂ ಉಳಿಯುವುದರಿಂದ ಅದು ಸುಮಾರು 19 ಕಿಲೋ ಬರುತ್ತದೆ. ಉಳಿದ 81 ಕಿಲೋ ನೀರು, ಆವಿಯಾಗಿ ಹೋಗಲೇಬೇಕು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆ ಹಾಕುವುದೇ ನಮಗೆ ಮೊದಲು ಕಲಿಸಿದ್ದು. ಕುದಿಯುವ ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಕೊಪ್ಪರಿಗೆ ಮೇಲೆ ಏಳುವ ಆವಿ ಅಷ್ಟನ್ನೂ ಹೊತ್ತುಕೊಂಡು ಸೂರಿನಿಂದ ಆಚೆ ಹೋಗುತ್ತದೆ. ಸುಮ್ನೆ ಪೋಲು!

ಇದಕ್ಕೆ ದಾರಿ ಕಂಡುಕೊಂಡವರು ನಾರ್ಬರ್ಟ್ ರಿಲಿಯು. ನ್ಯೂ ಆರ್ಲಿಯನ್ಸ್‌ನವರು, ತಾಯಿ ಕಪ್ಪು ಜನಾಂಗದವರು. ಗುಲಾಮರು ಕುದಿಯುವ ಹಾಲನ್ನು ಸೌಟಿನಲ್ಲಿ ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಮೊಗೆದು ಸುರಿಯುತ್ತಿದ್ದ ಕಾಲ ಅದು. ಮೈ ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ. ರಿಲಿಯು ಮೊದಲ ಪಾತ್ರೆಯ ಆವಿಯಿಂದಲೇ ಎರಡನೆಯದನ್ನು ಕಾಯಿಸಿದರು. ಎರಡನೆಯದರಲ್ಲಿ ಒತ್ತಡ ಕಡಿಮೆ, ಹಾಗಾಗಿ ಹಾಲು ಕಡಿಮೆ ಬಿಸಿಗೇ ಕುದಿಯುತ್ತದೆ. ಅದರ ಆವಿ ಮೂರನೆಯದಕ್ಕೆ. 1843ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆ ಶುರುವಾಗಿದ್ದು ಅದಾದ 90 ವರ್ಷಕ್ಕೆ, 1933ರಲ್ಲಿ. ಸಕ್ಕರೆ ಕಾರ್ಖಾನೆಗಳು ಇವತ್ತಿಗೂ ನಂಬಿರುವುದು ಇದೇ ಉಪಾಯವನ್ನು. ನನಗಂತೂ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಚೆಂದದ್ದು ಕಂಡಿಲ್ಲ.

ಮ್ಯಾಂಚೆಸ್ಟರೇ ಯಾಕೆ ಅಂದರೆ, ಈ ವಿದ್ಯೆಯ ಮೊದಲ ಪಾಠಗಳಲ್ಲಿ ಕೆಲವು ನಡೆದದ್ದು ಇಲ್ಲೇ. ಜಾರ್ಜ್ ಡೇವಿಸ್ 1887ರಲ್ಲಿ 12 ಉಪನ್ಯಾಸ ಕೊಟ್ಟರು. ಅದಕ್ಕೂ ಮುಂಚೆ ಅವರು ವಾಷಿಂಗ್ ಸೋಡಾ ತಯಾರಿಸುವ ಕಾರ್ಖಾನೆಗಳ ಆಸಿಡ್ ಹೊಗೆ ತಪಾಸಣೆ ಮಾಡುತ್ತಿದ್ದವರು. ಯಾವ ಕಾರ್ಖಾನೆ ನೋಡಿದರೂ ಕಾಯಿಸುವುದು, ಸೋಸುವುದು, ಬಟ್ಟಿ ಇಳಿಸುವುದು, ಇವೇ ಕೆಲಸಗಳು ಅಂತ ಅವರಿಗೆ ಹೊಳೆದಿತ್ತು.

ಥರ್ಮೋಡೈನಮಿಕ್ಸ್, ಅಂದರೆ ಶಾಖ ಮತ್ತು ಶಕ್ತಿಯ ಲೆಕ್ಕದ ಪಾಠ, ಮಾತ್ರ ಕಷ್ಟ. ಕ್ಲಾಸಿನಲ್ಲಿ ತಲೆಯಾಡಿಸುತ್ತೇವೆ, ರೂಮಿಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಕೆಲಸದ ಬಗ್ಗೆ ಈಗಲೇ ಕೇಳಬೇಡಿ.

ಅಪ್ಪ, ಒಂದು ಸಹಾಯ ಬೇಕು. ಶಾಖ ಚೂರೂ ಪೋಲಾಗದಿದ್ದರೆ 100 ಕಿಲೋ ಹಾಲಿಗೆ ಚೆನ್ನಾಗಿ ಒಣಗಿದ ಕಬ್ಬಿನ ಸಿಪ್ಪೆ 12–13 ಕಿಲೋ ಸಾಕು ಅನ್ನುತ್ತದೆ ನನ್ನ ಲೆಕ್ಕ. ನೀವು ಅದಕ್ಕಿಂತ ಎಷ್ಟೋ ಜಾಸ್ತಿ ಉರಿಸುತ್ತೀರಿ ಅಲ್ವಾ? ಮುಂದಿನ ಸಲ ಬೆಲ್ಲ ಕಾಯಿಸುವಾಗ ಒಲೆಗೆ ಹಾಕುವ ಸಿಪ್ಪೆಯನ್ನು ತೂಕ ಮಾಡಿಸಿ. ಹಾಲು ಎಷ್ಟು, ಬೆಲ್ಲ ಎಷ್ಟು ಅಂತಲೂ ಬರೆದಿಡಿ. ನೀರಿಗೆ ಬಿಟ್ಟು ಪಾಕ ನೋಡುವಾಗ ಕೊಪ್ಪರಿಗೆಯಲ್ಲಿರುವ ಪಾಕಕ್ಕೆ ಥರ್ಮಾಮೀಟರನ್ನೂ ಇಟ್ಟು ನೋಡಿ, 118 ಡಿಗ್ರಿ ಹತ್ತಿರ ಇರಬೇಕು.

ಅಮ್ಮ, ನೀನೇ ಎದುರಿಗೆ ನಿಂತು ತೂಗಿಸು. ಅಪ್ಪ ಅಂದಾಜಿನಲ್ಲೇ ಹೇಳಿಬಿಡುತ್ತಾರೆ.

ನಿಮ್ಮ ಮಗಳು